ಸರ್ಕಾರಿ ಶಾಲೆಗಳನ್ನ ಹೋಲಿಸೋದು ಹೇಗೆ? ರಿಸಲ್ಟು, ಮಕ್ಕಳ ಹಿನ್ನೆಲೆ, ಅಂಕಿಅಂಶ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಮತ್ತೆ ಜೂನ್ ಅಡ್ಮಿಷನ್ ಟೈಮಲ್ಲಿ ನಂಗೆ ಬರೋ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ ಇರ್ತವೆ. ಪೋಷಕರು ಕೇಳ್ತಾರೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು ಕೇಳ್ತಾರೆ, ಕೆಲವು ಸಲ ಮೇಷ್ಟ್ರುಗಳೇ ಮೆಸೇಜ್ ಹಾಕ್ತಾರೆ. ಅವನ್ನೆಲ್ಲ ಅವರು ಕೇಳಿದ ಮಾತಲ್ಲೇ ಇಲ್ಲಿ ಒಟ್ಟು ಮಾಡಿದೀನಿ. ಸುಲಭದ್ದು ಮೊದಲು, ತಲೆ ಕೆರೆಯೋವಂಥದ್ದು ಆಮೇಲೆ. ಇದು ಕರ್ನಾಟಕದ ಶಾಲೆಗಳ ವಿಷಯ ಮಾತ್ರ.

## ಶುರು ಮಾಡೋರಿಗೆ

ನಮ್ಮೂರ ಶಾಲೆ ಬಗ್ಗೆ ಮಾಹಿತಿ ಎಲ್ಲಿ ಸಿಗುತ್ತೆ, ಯಾರನ್ನ ಕೇಳ್ಬೇಕು?

ಯಾರನ್ನೂ ಕೇಳೋದು ಬೇಡ, ಮೊಬೈಲಲ್ಲೇ ಸಿಗುತ್ತೆ. ದೇಶದ ಪ್ರತಿ ಶಾಲೆಗೂ 11 ಅಂಕಿಯ ಒಂದು ಯುಡೈಸ್ (ಕೇಂದ್ರ ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆ) ಕೋಡ್ ಇದೆ, ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತೆ, ಆಮೇಲಿನ ಎರಡು ಅಂಕಿ ಜಿಲ್ಲೆ, ಇನ್ನೆರಡು ಬ್ಲಾಕ್, ಮೂರು ಹಳ್ಳಿ ಅಥವಾ ವಾರ್ಡ್, ಕೊನೇ ಎರಡು ಶಾಲೆ. ಶಾಲೆಯ ಬೋರ್ಡ್ ಮೇಲೇ ಸಾಮಾನ್ಯವಾಗಿ ಬರೆದಿರ್ತಾರೆ. ಯುಡೈಸ್ ಪ್ಲಸ್ ವೆಬ್‌ಸೈಟಲ್ಲಿ 'ನೋ ಯುವರ್ ಸ್ಕೂಲ್' ಅನ್ನೋ ಕಡೆ ಆ ಕೋಡ್ ಹಾಕಿದ್ರೆ ಮಕ್ಕಳೆಷ್ಟು, ಮೇಷ್ಟ್ರೆಷ್ಟು, ಕೊಠಡಿ, ಶೌಚಾಲಯ, ಕುಡಿಯೋ ನೀರು, ಮಾಧ್ಯಮ ಯಾವುದು ಅಂತ ಬರುತ್ತೆ. ದುಡ್ಡೇನೂ ಕೊಡ್ಬೇಕಾಗಿಲ್ಲ. ಆದ್ರೆ ಮಕ್ಕಳು ಎಷ್ಟು ಕಲ್ತಿದಾರೆ ಅನ್ನೋದು ಅಲ್ಲಿ ಸಿಗಲ್ಲ. ರಿಸಲ್ಟ್ ಬೇಕಂದ್ರೆ ಪರೀಕ್ಷಾ ಮಂಡಳಿ ಕಡೆ ಹೋಗ್ಬೇಕು, ಶಾಲಾವಾರು ವಿವರ ಬೇಕಂದ್ರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು.

ಯುಡೈಸ್ ಬೇರೆ, ಎಸ್‌ಎಟಿಎಸ್ ಬೇರೆನಾ? ಎರಡರಲ್ಲೂ ನಂಬರ್ ಬೇರೆ ಬೇರೆ ಇದೆ

ಬೇರೆ ಬೇರೆ. ಯುಡೈಸ್ ಕೇಂದ್ರದ್ದು, ಸ್ಯಾಟ್ಸ್ (ಅದೇ ಎಸ್‌ಎಟಿಎಸ್) ಒಂದೊಂದು ಮಗುವಿನ ಜಾಡು ಇಡೋ ನಮ್ಮ ರಾಜ್ಯದ್ದು, ಮಗು ಟಿಸಿ ತಗೊಂಡು ಬೇರೆ ಶಾಲೆಗೆ ಹೋದ್ರೂ ಅದರ ಸ್ಯಾಟ್ಸ್ ನಂಬರ್ ಜತೇಲೇ ಹೋಗುತ್ತೆ. ಯುಡೈಸ್ ಲೆಕ್ಕಕ್ಕೆ ಸೆಪ್ಟೆಂಬರ್ 30 ಅನ್ನೋ ಒಂದು ದಿನಾಂಕ ಇದೆ, ಸ್ಯಾಟ್ಸ್ ವರ್ಷಪೂರ್ತಿ ಬದಲಾಗ್ತಾ ಇರುತ್ತೆ, ಹಾಗಾಗಿ ಎರಡೂ ಪೂರ್ತಿ ತಾಳೆ ಆಗಲ್ಲ, ಅದರಲ್ಲಿ ಗಾಬರಿ ಆಗೋವಂಥದ್ದು ಏನೂ ಇಲ್ಲ. ಹೋಲಿಸುವಾಗ ಎರಡು ಶಾಲೆಗೂ ಒಂದೇ ಕಡೆಯ ಲೆಕ್ಕ, ಒಂದೇ ವರ್ಷದ್ದು ತಗೊಳ್ಳಿ. ಇನ್ನೊಂದು, 2022-23ರಿಂದ ಯುಡೈಸ್‌ನಲ್ಲಿ ಒಟ್ಟು ಸಂಖ್ಯೆ ಬದಲು ಒಂದೊಂದು ಮಗುವಿನ ಹೆಸರಿನ ಸಮೇತ ದಾಖಲು ಮಾಡ್ತಿದಾರೆ, ಅದರಿಂದ ಎರಡೆರಡು ಕಡೆ ಇದ್ದ ಹೆಸರುಗಳು ಉದುರಿವೆ. ಅದರ ಹಿಂದಿನ ವರ್ಷದ ಸಂಖ್ಯೆ ಪಕ್ಕ ಈಗಿನದ್ದು ಇಟ್ಟು ‘ಇಷ್ಟು ಸಾವಿರ ಮಕ್ಕಳು ಮಾಯ’ ಅಂತ ಬರೆಯೋರನ್ನ ನೋಡಿದ್ರೆ ಬೇಜಾರಾಗುತ್ತೆ.

ಸ.ಹಿ.ಪ್ರಾ. ಶಾಲೆ, ಕೆಪಿಎಸ್ (ಕರ್ನಾಟಕ ಪಬ್ಲಿಕ್ ಸ್ಕೂಲ್), ಆದರ್ಶ, ಮೊರಾರ್ಜಿ ಎಲ್ಲಾ ಸರ್ಕಾರಿನೇ ತಾನೇ, ಒಟ್ಟಿಗೆ ಇಟ್ಟು ನೋಡಿದ್ರೆ ಏನ್ ತಪ್ಪು?

ತುಂಬಾ ತಪ್ಪು, ಮತ್ತೆ ಅತಿ ಹೆಚ್ಚು ಜನ ಮಾಡೋ ತಪ್ಪೂ ಇದೇ. ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ 6ನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಇದೆ. ಅಂದ್ರೆ ಸುತ್ತಮುತ್ತಲ ಹಳ್ಳಿ ಶಾಲೆಗಳಲ್ಲಿ 5ನೇ ಕ್ಲಾಸಲ್ಲಿ ಚೆನ್ನಾಗಿ ಓದ್ತಿದ್ದ ಮಕ್ಕಳು ಅಲ್ಲಿಗೆ ಹೋಗ್ತಾರೆ. ನಾಲ್ಕೈದು ವರ್ಷ ಆದ್ಮೇಲೆ ಅಲ್ಲಿ ರಿಸಲ್ಟ್ ಚೆನ್ನಾಗಿ ಬಂದ್ರೆ ಅದರಲ್ಲಿ ಆ ಹಳ್ಳಿ ಶಾಲೆಯ ಮೇಷ್ಟ್ರ ಪಾಲೂ ಇದೆ, ಆದ್ರೆ ಪಟ್ಟಿಯಲ್ಲಿ ಆ ಹಳ್ಳಿ ಶಾಲೆ ಕೆಳಗೆ ಕಾಣುತ್ತೆ, ಯಾಕಂದ್ರೆ ಅದರ ಒಳ್ಳೇ ಓದೋ ಮಕ್ಕಳೇ ಅಲ್ಲಿಲ್ಲ. ಸಾಮಾನ್ಯ ಸರ್ಕಾರಿ ಹೈಸ್ಕೂಲು ಬಾಗಿಲಿಗೆ ಬಂದ ಯಾವ ಮಗೂನೂ ಇಲ್ಲ ಅನ್ನಲ್ಲ. 2018-19ರಿಂದ ಶುರುವಾದ ಕೆಪಿಎಸ್‌ಗಳು ಇನ್ನೊಂದು ಥರ, ಒಂದೇ ಕ್ಯಾಂಪಸ್ಸಲ್ಲಿ ಪ್ರಾಥಮಿಕದಿಂದ ಪಿಯುವರೆಗೆ, ಸೌಲಭ್ಯ ಹೆಚ್ಚು, ಬೇಡಿಕೆನೂ ಹೆಚ್ಚು. ಕಿರಿಯ ಪ್ರಾಥಮಿಕ, ಹಿರಿಯ ಪ್ರಾಥಮಿಕ, ಹೈಸ್ಕೂಲು, ಕೆಪಿಎಸ್, ಆಯ್ಕೆ ಪರೀಕ್ಷೆ ಇರೋ ಶಾಲೆ, ಇವನ್ನ ಬೇರೆ ಬೇರೆ ಗುಂಪು ಮಾಡ್ಕೊಂಡು ಗುಂಪಿನೊಳಗೇ ಹೋಲಿಸಿ.

ಎಸ್ಸೆಸ್ಸೆಲ್ಸಿ ರಿಸಲ್ಟಿನ ಜಿಲ್ಲಾ ಪಟ್ಟಿಯಲ್ಲಿ ಚಿಕ್ಕೋಡಿ, ಮಧುಗಿರಿ, ಶಿರಸಿ ಅಂತ ಇದೆಯಲ್ಲ, ಅವು ಜಿಲ್ಲೆನಾ?

ಶೈಕ್ಷಣಿಕ ಜಿಲ್ಲೆಗಳು. ಬೆಳಗಾವಿ, ತುಮಕೂರು, ಉತ್ತರ ಕನ್ನಡ ಕಂದಾಯ ಜಿಲ್ಲೆಗಳನ್ನ ಶಿಕ್ಷಣ ಇಲಾಖೆ ಎರಡೆರಡು ಭಾಗ ಮಾಡ್ಕೊಂಡಿದೆ, ಬೆಂಗಳೂರು ನಗರವನ್ನೂ ಉತ್ತರ, ದಕ್ಷಿಣ ಅಂತ. ಜನಗಣತಿ ಅಂಕಿ ಕಂದಾಯ ಜಿಲ್ಲೆ ಪ್ರಕಾರ ಇರೋದ್ರಿಂದ ಎರಡನ್ನೂ ಸೇರಿಸಿ ಟೇಬಲ್ ಮಾಡೋರು ಇಲ್ಲಿ ಎಡವುತ್ತಾರೆ. ವಿಜಯನಗರ ಬೇರೆ, ಅದು 2011ರ ಜನಗಣತಿ ಟೈಮಲ್ಲಿ ಬಳ್ಳಾರಿ ಒಳಗೇ ಇತ್ತು.

## ರಿಸಲ್ಟ್ ಬಗ್ಗೆ

2023ರಲ್ಲಿ ಚಿತ್ರದುರ್ಗ ರಾಜ್ಯಕ್ಕೇ ಫಸ್ಟ್, 2024ರಲ್ಲಿ 21ನೇ ಸ್ಥಾನ. ಒಂದೇ ವರ್ಷದಲ್ಲಿ ಮೇಷ್ಟ್ರುಗಳೆಲ್ಲ ಪಾಠ ಮಾಡೋದು ಮರೆತುಬಿಟ್ರಾ?

ಯಾರೂ ಮರೀಲಿಲ್ಲ, ಪರೀಕ್ಷೆ ನಡೆಸೋ ರೀತಿ ಬದಲಾಯ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ತಂದ್ರು. ರಾಜ್ಯದ ಪಾಸ್ ಪ್ರಮಾಣ 2023ರ ಶೇ. 83.89ರಿಂದ ಶೇ. 73.40ಕ್ಕೆ ಇಳೀತು, ಅದೂ ಕೃಪಾಂಕವನ್ನ ಶೇ. 10ರಿಂದ 20ಕ್ಕೆ ಏರಿಸಿದ್ಮೇಲೆ. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ, ಮೊದಲ ಪರೀಕ್ಷೇಲಿ ರೆಗ್ಯುಲರ್ ಮಕ್ಕಳ ಪಾಸ್ ಪ್ರಮಾಣ ಶೇ. 66.14.

ಇದನ್ನ ನೋಡಿ ‘ಹಿಂದಿನದ್ದೆಲ್ಲ ಕಾಪಿ’ ಅಂತ ಒಂದೇ ಮಾತಲ್ಲಿ ಒರೆಸಿ ಹಾಕೋದು ನಂಗೆ ಸರಿ ಕಾಣಲ್ಲ, ನಿಯತ್ತಾಗಿ ಬರೆದು ಪಾಸಾದ ಲಕ್ಷಾಂತರ ಮಕ್ಕಳಿದಾರೆ. ಆದ್ರೆ 2023ರ ಪಟ್ಟಿ ಒಂದು ಅಳತೆಗೋಲು, 2024ರ ಪಟ್ಟಿ ಇನ್ನೊಂದು ಅಳತೆಗೋಲು. 2021ರ ಕೋವಿಡ್ ವರ್ಷದ್ದಂತೂ ಹೋಲಿಕೆಗೆ ತರಲೇಬೇಡಿ, ಆ ವರ್ಷ ಬಹುಆಯ್ಕೆ ಪ್ರಶ್ನೆ ಪತ್ರಿಕೆ, ಎರಡೇ ದಿನ ಪರೀಕ್ಷೆ, ಹೆಚ್ಚುಕಮ್ಮಿ ಎಲ್ಲರೂ ಪಾಸು. 2023-24ರಿಂದ ವರ್ಷಕ್ಕೆ ಮೂರು ಪರೀಕ್ಷೆ ಬಂದಿದೆ, ಹಾಗಾಗಿ ‘ರಿಸಲ್ಟ್’ ಅಂದ್ರೆ ಪರೀಕ್ಷೆ 1ರದ್ದಾ, ಮೂರೂ ಮುಗಿದ್ಮೇಲಿಂದಾ ಕೇಳ್ಬೇಕು, ರೆಗ್ಯುಲರ್ ಮಕ್ಕಳು ಮಾತ್ರನಾ, ರಿಪೀಟರ್ಸೂ ಸೇರಿ ಒಟ್ಟು ಹಾಜರಾದವರಾ ಅನ್ನೋದನ್ನೂ ಕೇಳ್ಬೇಕು. 2025-26ರಿಂದ ಪಾಸ್ ಆಗೋಕೆ ಬೇಕಾದ ಅಂಕ ಶೇ. 35ರಿಂದ 33ಕ್ಕೆ ಇಳಿದಿದೆ, ಇನ್ನು ಮುಂದೆ ‘ಸುಧಾರಣೆ’ ಅಂತ ಯಾರಾದ್ರೂ ಗ್ರಾಫ್ ತೋರಿಸಿದ್ರೆ ಇದನ್ನ ನೆನಪಲ್ಲಿಡಿ. ಸುಲಭದ ದಾರಿ ಅಂದ್ರೆ ಒಂದೇ ವರ್ಷದೊಳಗೆ ಶಾಲೆ ಶಾಲೆ ಹೋಲಿಸೋದು, ವರ್ಷದಿಂದ ವರ್ಷಕ್ಕೆ ಹೋಲಿಸ್ಲೇಬೇಕು ಅಂದ್ರೆ ರಾಜ್ಯದ ಸರಾಸರಿಗಿಂತ ನಮ್ಮ ಶಾಲೆ ಎಷ್ಟು ಮೇಲೆ ಅಥವಾ ಕೆಳಗೆ ಅನ್ನೋದನ್ನ ನೋಡೋದು.

ಪಕ್ಕದೂರ ಹೈಸ್ಕೂಲಲ್ಲಿ ನೂರಕ್ಕೆ ನೂರು ರಿಸಲ್ಟ್ ಅಂತ ಬ್ಯಾನರ್ ಕಟ್ಟಿದಾರೆ, ನಮ್ಮಲ್ಲಿ 88 ಅಷ್ಟೇ. ಮಗೂನ ಅಲ್ಲಿಗೆ ಸೇರಿಸ್ಲಾ?

ಮೊದಲು ಎಷ್ಟು ಮಕ್ಕಳು ಬರೆದಿದ್ರು ಅಂತ ಕೇಳಿ. ಒಂಬತ್ತು ಜನ ಬರೆದಿರೋ ಶಾಲೇಲಿ ಒಂದು ಮಗು ಗಣಿತದಲ್ಲಿ ಹೋದ್ರೆ ರಿಸಲ್ಟ್ ನೂರರಿಂದ ಸೀದಾ 88.9ಕ್ಕೆ ಬೀಳುತ್ತೆ. ಆ ಒಂದು ಮಗೂಗೆ ಪರೀಕ್ಷೆ ದಿನ ಜ್ವರ ಬಂದಿರಬಹುದು. ಚಿಕ್ಕ ಶಾಲೆಗಳು ಪಟ್ಟಿಯ ತುದಿಯಲ್ಲೂ ಇರ್ತವೆ, ಬುಡದಲ್ಲೂ ಇರ್ತವೆ, ಕಾರಣ ಅಷ್ಟೇ. ಮೂರು ವರ್ಷದ ಮಕ್ಕಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದ್ರೆ ಸ್ವಲ್ಪ ನಿಜ ಕಾಣುತ್ತೆ.

ಆಮೇಲೆ ಇನ್ನೊಂದು ಕೇಳ್ಬೇಕು, ಇದು ಇನ್ನೂ ಮುಖ್ಯ: ಎರಡು ವರ್ಷದ ಹಿಂದೆ 8ನೇ ಕ್ಲಾಸಲ್ಲಿ ಎಷ್ಟು ಮಕ್ಕಳಿದ್ರು? ಒಂದು ಉದಾಹರಣೆ ಹೇಳ್ತೀನಿ, ಸಂಖ್ಯೆ ನಾನೇ ಇಟ್ಟಿರೋದು. 8ನೇ ಕ್ಲಾಸಲ್ಲಿ 60 ಮಕ್ಕಳು ದಾಖಲಾಗಿದ್ರು. 10ನೇ ಕ್ಲಾಸ್ ಪರೀಕ್ಷೆಗೆ ಕೂತಿದ್ದು 45. ಪಾಸಾಗಿದ್ದು 43. ಬ್ಯಾನರಲ್ಲಿ ಶೇ. 95.6. ಆದ್ರೆ ಆ 60 ಮಕ್ಕಳನ್ನ ಲೆಕ್ಕಕ್ಕೆ ಹಿಡಿದ್ರೆ ಶೇ. 71.7. ಉಳಿದ 15 ಮಕ್ಕಳು ಎಲ್ಲಿ? ಕೆಲವರು ಟಿಸಿ ತಗೊಂಡು ಹೋಗಿರ್ತಾರೆ, ಅದು ಸಹಜ. ಕೆಲವರನ್ನ 9ರಲ್ಲೇ ನಿಲ್ಲಿಸಿರ್ತಾರೆ, ಕೆಲವರಿಗೆ ‘ಖಾಸಗಿಯಾಗಿ ಕಟ್ಟು’ ಅಂತ ಹೇಳಿ ಕಳಿಸಿರ್ತಾರೆ, ಕೆಲವು ಹೆಣ್ಣುಮಕ್ಕಳಿಗೆ ಮದುವೆ ಆಗಿಹೋಗಿರುತ್ತೆ. ಸ್ಯಾಟ್ಸ್‌ನಲ್ಲಿ ಪ್ರತಿ ಮಗುವಿನ ಜಾಡು ಇರೋದ್ರಿಂದ ಶಾಲೆಯವರಿಗೆ ಇದರ ಉತ್ತರ ಗೊತ್ತಿರುತ್ತೆ, ಎಸ್‌ಡಿಎಂಸಿ ಸಭೇಲಿ ಕೇಳೋ ಹಕ್ಕು ನಿಮಗಿದೆ. ಬರೀ ಪಾಸ್ ಪರ್ಸೆಂಟೇಜ್ ಮೇಲೆ ಶಾಲೆಗಳಿಗೆ ಒತ್ತಡ ಹಾಕಿದಷ್ಟೂ ಈ ‘ಸೋಸೋ’ ಕೆಲಸ ಜಾಸ್ತಿ ಆಗುತ್ತೆ, ಅದಕ್ಕೆ ಬಲಿಯಾಗೋದು ಓದಲ್ಲಿ ಹಿಂದಿರೋ ಮಗುನೇ.

ಪ್ರೈವೇಟಲ್ಲಿ 86 ಪರ್ಸೆಂಟು, ಸರ್ಕಾರಿಯಲ್ಲಿ 72. ಇದಕ್ಕಿಂತ ಸಾಕ್ಷಿ ಬೇಕಾ?

2024ರ ಅಂಕಿ ಅದು, ಸುಮಾರಾಗಿ ಸರಿ ಇದೆ: ಅನುದಾನರಹಿತ 86, ಸರ್ಕಾರಿ 72, ಅನುದಾನಿತವೂ 72ರ ಆಸುಪಾಸು. ಅನುದಾನಿತ ಶಾಲೆ ನಡೆಸೋದು ಖಾಸಗಿ ಆಡಳಿತ ಮಂಡಳಿನೇ, ಆದ್ರೂ ರಿಸಲ್ಟ್ ಸರ್ಕಾರಿ ಶಾಲೆಯಷ್ಟೇ. ಅಂದ್ರೆ ‘ಪ್ರೈವೇಟ್ ಆಡಳಿತ ಬಂದ್ರೆ ಸಾಕು’ ಅನ್ನೋ ವಾದ ಅಲ್ಲಿಗೇ ನಿಲ್ಲುತ್ತೆ. ಅನುದಾನಿತಕ್ಕೂ ಸರ್ಕಾರಿಗೂ ಬರೋ ಮಕ್ಕಳು ಹೆಚ್ಚುಕಮ್ಮಿ ಒಂದೇ ಥರದ ಮನೆಯವರು. ಅನುದಾನರಹಿತಕ್ಕೆ ಫೀಸ್ ಕಟ್ಟೋಕೆ ಆಗೋ ಮನೆಯವರು, ಟ್ಯೂಷನ್ ಕೊಡಿಸೋರು, ಡೈರಿ ನೋಡಿ ಸೈನ್ ಹಾಕೋಕೆ ಬರೋ ಅಪ್ಪ ಅಮ್ಮ. ಆ 14 ಪಾಯಿಂಟಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು ಅಂತ ಈ ಅಂಕಿಯಿಂದ ಬೇರೆ ಮಾಡೋಕೆ ಆಗಲ್ಲ. ಶೂನ್ಯ ಫಲಿತಾಂಶದ ಶಾಲೆಗಳ ಪಟ್ಟಿ ತೆಗೆದು ನೋಡಿದ್ರೆ ಅಲ್ಲಿ ಹೆಚ್ಚಿರೋದು ಅನುದಾನರಹಿತ ಶಾಲೆಗಳೇ, ಹಾಗಂತ ಎಲ್ಲಾ ಪ್ರೈವೇಟೂ ಕೆಟ್ಟದ್ದು ಅಂತಾನೂ ಹೇಳೋಕಾಗಲ್ಲ.

ಹೆಣ್ಣುಮಕ್ಕಳು ಜಾಸ್ತಿ ಇರೋ ಶಾಲೆಗೆ ರಿಸಲ್ಟ್ ಜಾಸ್ತಿನಾ?

ಬರೋ ಸಾಧ್ಯತೆ ಹೆಚ್ಚು. 2024ರಲ್ಲಿ ಹುಡುಗೀರು ಶೇ. 81.11, ಹುಡುಗರು ಶೇ. 65.90, ಹದಿನೈದು ಪಾಯಿಂಟಿನ ಅಂತರ. ಹಾಗಾಗಿ ಬಾಲಕಿಯರ ಸರ್ಕಾರಿ ಹೈಸ್ಕೂಲನ್ನ ಮಿಶ್ರ ಶಾಲೆ ಜತೆ ನೇರ ಹೋಲಿಸ್ಬೇಡಿ, ಹುಡುಗೀರನ್ನ ಹುಡುಗೀರ ಜತೆ ಹೋಲಿಸಿ. ಮಗನ್ನ ಕಾನ್ವೆಂಟಿಗೆ, ಮಗಳನ್ನ ಸರ್ಕಾರಿ ಶಾಲೆಗೆ ಕಳಿಸೋ ಮನೆಗಳು ಇನ್ನೂ ಇವೆ, ಹಾಗಾಗಿ ಕೆಲವು ಊರುಗಳ ಸರ್ಕಾರಿ ಶಾಲೇಲಿ ಹುಡುಗೀರ ಪಾಲು ಹೆಚ್ಚಿರುತ್ತೆ. ಶಾಲೆಯ ದಾಖಲಾತಿ ನೋಡಿದ್ರೆ ಊರಿನ ಮನೋಭಾವನೂ ಕಾಣುತ್ತೆ.

## ಶಾಲೇಲಿ ಓದ್ತಿರೋ ಮಕ್ಕಳು ಯಾರು?

ದಕ್ಷಿಣ ಕನ್ನಡ, ಉಡುಪಿ ಮೇಲೆ, ಯಾದಗಿರಿ, ಕಲಬುರ್ಗಿ ಕೆಳಗೆ. ಅಲ್ಲಿನ ಮೇಷ್ಟ್ರು ಸರಿ ಇಲ್ವಾ, ಮಕ್ಕಳು ದಡ್ಡರಾ?

ಈ ಪ್ರಶ್ನೆ ಕೇಳಿದಾಗೆಲ್ಲ ನಂಗೆ ಸಂಕಟ ಆಗುತ್ತೆ. 2024ರಲ್ಲಿ ಉಡುಪಿ ಮೊದಲು, ಯಾದಗಿರಿ ಕೊನೆ, ಶೇ. 50.59. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12ರಿಂದ ಮೊದಲು, ಕಲಬುರ್ಗಿ ಶೇ. 42.43ರಿಂದ ಕೊನೆ. ಈಗ 2011ರ ಜನಗಣತಿ ತೆಗೀರಿ. ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ಯಾದಗಿರಿ ಶೇ. 51.83, ಅದರಲ್ಲೂ ಹೆಂಗಸರ ಸಾಕ್ಷರತೆ ಅಲ್ಲಿ 41ರ ಹತ್ತಿರ. 2024, 2025ರಲ್ಲಿ ಪರೀಕ್ಷೆ ಬರೆದ ಮಕ್ಕಳು ಆ ಜನಗಣತಿ ಆಸುಪಾಸು ಹುಟ್ಟಿದೋರು, ಅಂದ್ರೆ ಅವತ್ತು ಲೆಕ್ಕಕ್ಕೆ ಸಿಕ್ಕ ಅಮ್ಮಂದಿರೇ ಇವರ ಅಮ್ಮಂದಿರು. ಹತ್ತು ಜನ ಹೆಂಗಸರಲ್ಲಿ ಸುಮಾರು ಆರು ಜನಕ್ಕೆ ಓದೋಕೆ ಬರದ ಜಿಲ್ಲೇಲಿ ಮಗು ಮನೇಲಿ ಯಾರನ್ನ ಪಾಠ ಕೇಳ್ಬೇಕು?

ಇದು ಇವತ್ತಿನ ಕಥೆ ಅಲ್ಲ. 2002ರ ನಂಜುಂಡಪ್ಪ ಸಮಿತಿ ವರದಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಹೇಳ್ತು, ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ಬಹುಪಾಲು ನಿಜಾಮರ ಆಳ್ವಿಕೆಯಲ್ಲಿದ್ದ ಪ್ರದೇಶ, ಕನ್ನಡ ಶಾಲೆಗಳು ತಡವಾಗಿ ಬಂದವು. ಕರಾವಳೀಲಿ ಮಿಷನರಿಗಳು, ಮಠಗಳು, ಊರಿನ ಸಂಘಗಳು ನೂರು ವರ್ಷದ ಹಿಂದೇನೇ ಶಾಲೆ ಕಟ್ಟಿದ್ವು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡೋ ಸಂವಿಧಾನದ 371(ಜೆ) ವಿಧಿ ಬಂದಿದ್ದೇ ಈ ಅಂತರಕ್ಕೋಸ್ಕರ, ಈಗ ಬೀದರ್, ಕಲಬುರ್ಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಏಳು ಜಿಲ್ಲೆಗೆ ಅದು ಅನ್ವಯ.

ಇದಕ್ಕೆ ಗುಳೆ ಸೇರಿಸಿ. ಮಳೆ ಬೆಳೆ ಮುಗಿದು ದಸರಾ ದೀಪಾವಳಿ ದಾಟಿದ್ರೆ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಕೊಂಡು ಬೆಂಗಳೂರು, ಮುಂಬೈ, ಹೈದರಾಬಾದ್, ಕಬ್ಬಿನ ಗದ್ದೆ ಅಂತ ಹೊರಡ್ತಾರೆ. ಯುಡೈಸ್ ಲೆಕ್ಕದ ದಿನಾಂಕ ಸೆಪ್ಟೆಂಬರ್ 30, ಅವತ್ತು ಮಗು ಇನ್ನೂ ಊರಲ್ಲಿರುತ್ತೆ, ರಿಜಿಸ್ಟರಲ್ಲಿ ಹೆಸರಿರುತ್ತೆ. ಜನವರಿಯಲ್ಲಿ ಅಂಥ ಹಳ್ಳಿಯ ಹಾಜರಿ ಪುಸ್ತಕ ತೆರೆದ್ರೆ ಕೆಲವು ಹೆಸರುಗಳ ಮುಂದೆ ಗೈರುಹಾಜರಿ ಗುರುತು ಪುಟದ ಈ ಅಂಚಿಂದ ಆ ಅಂಚಿಗೆ ಒಂದೇ ಸಮ ಹೋಗಿರುತ್ತೆ, ಅಕ್ಕಪಕ್ಕದ ಹೆಸರುಗಳು ಅಣ್ಣತಮ್ಮಂದು, ಒಂದೇ ದಿನ ಶುರುವಾಗಿರುತ್ತೆ. ಪೋರ್ಟಲ್‌ನಲ್ಲಿ ಇದು ಕಾಣಲ್ಲ. ಅಂಥಾ ಊರಲ್ಲಿ 50 ಪರ್ಸೆಂಟ್ ಪಾಸ್ ಮಾಡಿಸಿದ ಮೇಷ್ಟ್ರು ಎಷ್ಟು ದುಡಿದಿರ್ತಾರೆ ಅಂತ ರ್‍ಯಾಂಕ್ ಪಟ್ಟಿ ಹೇಳಲ್ಲ.

ಹಾಗಂತ ಎಲ್ಲವನ್ನೂ ಇತಿಹಾಸದ ಮೇಲೆ ಹಾಕಿ ಇಲಾಖೆಯನ್ನ ಬಿಟ್ಟುಬಿಡ್ಬೇಕು ಅಂತಲ್ಲ. ಖಾಲಿ ಹುದ್ದೆ, ವರ್ಷ ಅರ್ಧ ಆದ್ಮೇಲೆ ಬರೋ ಅತಿಥಿ ಶಿಕ್ಷಕರು, ಇವೆಲ್ಲ ಸರ್ಕಾರ ಸರಿ ಮಾಡೋಕೆ ಆಗೋ ವಿಷಯಗಳೇ. ಬೈಬೇಕಾದ್ರೆ ಅಲ್ಲಿಗೆ ಬೈರಿ, ಮಕ್ಕಳಿಗಲ್ಲ.

ಮಕ್ಕಳ ಜಾತಿ ಲೆಕ್ಕ ಯಾಕೆ ನೋಡ್ಬೇಕು, ಶಾಲೇಲೂ ಜಾತಿನಾ?

ಜಾತಿ ನೋಡಿ ಮಗೂನ ಅಳೆಯೋಕಲ್ಲ, ಶಾಲೆಗೆ ಯಾರು ಬರ್ತಿದಾರೆ ಯಾರು ಬಿಟ್ಟುಹೋಗಿದಾರೆ ಅಂತ ತಿಳಿಯೋಕೆ. 2011ರ ಪ್ರಕಾರ ರಾಜ್ಯದ ಜನಸಂಖ್ಯೇಲಿ ಎಸ್‌ಸಿ ಶೇ. 17.15, ಎಸ್‌ಟಿ ಶೇ. 6.95, ಆದ್ರೆ ಜಿಲ್ಲೆಯಿಂದ ಜಿಲ್ಲೆಗೆ ತುಂಬಾ ವ್ಯತ್ಯಾಸ: ಕೋಲಾರದಲ್ಲಿ ಎಸ್‌ಸಿ 30ರ ಸುಮಾರು, ದಕ್ಷಿಣ ಕನ್ನಡದಲ್ಲಿ 7ರ ಸುಮಾರು, ರಾಯಚೂರಲ್ಲಿ ಎಸ್‌ಟಿ 19ರ ಸುಮಾರು. ಹಾಗಾಗಿ ಶಾಲೆಯ ಅಂಕಿಯನ್ನ ರಾಜ್ಯದ ಸರಾಸರಿ ಪಕ್ಕ ಇಡದೆ ಆ ಊರಿನ ಜನಗಣತಿ ಪಕ್ಕ ಇಡಿ. ಊರಲ್ಲಿ ಎಸ್‌ಸಿ ಜನ ನಾಲ್ಕರಲ್ಲೊಂದು ಪಾಲು, ಸರ್ಕಾರಿ ಶಾಲೇಲಿ ಮುಕ್ಕಾಲು ಪಾಲು ಅಂದ್ರೆ ಉಳಿದೋರ ಮಕ್ಕಳು ವ್ಯಾನ್ ಹತ್ತಿ ಬೇರೆ ಕಡೆ ಹೋಗ್ತಿದಾರೆ ಅಂತ ಅರ್ಥ. ಊರಿನ ದನಿ ಇರೋ ಮನೆಗಳ ಮಕ್ಕಳು ಶಾಲೇಲಿ ಇಲ್ಲ ಅಂದ್ಮೇಲೆ ಸೋರೋ ಚಾವಣಿ ಬಗ್ಗೆ ಪಂಚಾಯ್ತೀಲಿ ಜೋರಾಗಿ ಕೇಳೋರೂ ಕಡಿಮೆ ಆಗ್ತಾರೆ. ನನ್ನ ಪ್ರಕಾರ ಸರ್ಕಾರಿ ಶಾಲೆಗಳಿಗೆ ಆಗಿರೋ ಅತಿ ದೊಡ್ಡ ಪೆಟ್ಟು ಇದು.

ನಮ್ಮ ಶಾಲೇಲಿ ಮಕ್ಕಳು ಕಡಿಮೆ ಆಗ್ತಿದಾರೆ, ಅಂದ್ರೆ ಶಾಲೆ ಕೆಟ್ಟೋಗಿದೆ ಅಂತಾನಾ?

ಇರಬಹುದು, ಇಲ್ಲದೇನೂ ಇರಬಹುದು. ಊರಲ್ಲಿ ಹುಟ್ಟೋ ಮಕ್ಕಳೇ ಕಡಿಮೆ ಆಗಿದಾರೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಮೊದಲು ಅಂಗನವಾಡಿ ಲೆಕ್ಕ ನೋಡಿ: ಊರಲ್ಲಿ ಆರು ವರ್ಷ ತುಂಬೋ ಮಕ್ಕಳು ಎಷ್ಟು, ಅದರಲ್ಲಿ ನಮ್ಮ ಶಾಲೆಗೆ ಬಂದೋರು ಎಷ್ಟು. ಹತ್ತರಲ್ಲಿ ಎಂಟು ಮಕ್ಕಳು ನಿಮ್ಮಲ್ಲಿಗೇ ಬಂದಿದ್ರೆ ಶಾಲೆಯ ಮೇಲೆ ಊರಿಗೆ ನಂಬಿಕೆ ಇದೆ, ಸಂಖ್ಯೆ ಚಿಕ್ಕದಿದ್ರೂ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ವಿಷಯ ಬೇರೆ, ಖಾಸಗಿ ಶಾಲೆಯ ಶೇ. 25 ಸೀಟುಗಳಿಗೆ ಮೊದಲು ಬಡ ಮಕ್ಕಳು ಹೋಗ್ತಿದ್ರು, 2019ರ ಹೊತ್ತಿಗೆ ನಿಯಮ ಬದಲಾಗಿ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಆ ಸೀಟಿಲ್ಲ ಅಂತಾಯ್ತು. ಇಂಥ ನಿಯಮ ಬದಲಾದ ವರ್ಷಗಳಲ್ಲಿ ಏರಿಳಿತ ಕಂಡ್ರೆ ಅದು ಶಾಲೆಯ ಗುಣಮಟ್ಟದ ಮಾತಲ್ಲ.

ನಮ್ಮ ಶಾಲೇಲಿ 12 ಮಕ್ಕಳಿಗೆ ಒಬ್ಬ ಟೀಚರ್ ಅಂತ ತೋರಿಸುತ್ತೆ, ಸಿಟಿ ಕಾನ್ವೆಂಟಲ್ಲಿ 40ಕ್ಕೆ ಒಬ್ಬರು. ಹಾಗಾದ್ರೆ ನಮ್ಮದೇ ಚೆನ್ನಾಗಿದೆ ಅಲ್ವಾ?

ಕಾಗದದ ಮೇಲೆ ಮಾತ್ರ. 24 ಮಕ್ಕಳು, ಇಬ್ಬರು ಟೀಚರ್ ಇರೋ ಕಿರಿಯ ಪ್ರಾಥಮಿಕ ಶಾಲೆ ತಗೊಳ್ಳಿ. ತರಗತಿ ಐದು. 1ರಿಂದ 3 ನಲಿ ಕಲಿ, ಎಲ್ಲರೂ ಒಂದೇ ಕೋಣೇಲಿ ಒಬ್ಬರ ಹತ್ರ, ಆ ಪದ್ಧತಿಯನ್ನ ರೂಪಿಸಿರೋದೇ ಬಹುವರ್ಗಕ್ಕೆ, 1995ರಲ್ಲಿ ಎಚ್.ಡಿ. ಕೋಟೆ ತಾಲೂಕಲ್ಲಿ ಶುರುವಾಗಿದ್ದು, ಹಾಗಾಗಿ ಅಲ್ಲಿ ನಡೆಯುತ್ತೆ. 4, 5ಕ್ಕೆ ಇನ್ನೊಬ್ಬರು, ಎರಡು ತರಗತಿಯ ಎಲ್ಲಾ ವಿಷಯ ಒಬ್ಬರೇ. ಈಗ ಹೆಡ್ ಟೀಚರಿಗೆ ಬಿಇಒ ಆಫೀಸಲ್ಲಿ ಮೀಟಿಂಗ್ ಅಂತ ಕರೆ ಬಂತು. ಅವತ್ತು ಉಳಿದೊಬ್ಬರು ಐದೂ ತರಗತಿ ನೋಡ್ಕೊಂಡು, ಬಿಸಿಯೂಟಕ್ಕೆ ಅಕ್ಕಿ ಬೇಳೆ ಅಳೆದು ಕೊಟ್ಟು, ಹಾಲು ಕುಡಿಸಿ, ಮೊಬೈಲಲ್ಲಿ ಊಟದ ಸಂಖ್ಯೆ ಕಳಿಸಿ ಪಾಠನೂ ಮಾಡ್ಬೇಕು. ಆರ್‌ಟಿಇ ಪ್ರಕಾರ 60 ಮಕ್ಕಳವರೆಗೆ ಇಬ್ಬರೇ ಟೀಚರ್, ಹಾಗಾಗಿ ನಿಯಮ ಮೀರಿಲ್ಲ. ಅದಕ್ಕೇ ನಾನು ಹೇಳೋದು, ಮಕ್ಕಳಿಗೆ ಟೀಚರ್ ಎಷ್ಟು ಅಂತ ನೋಡೋ ಬದಲು ತರಗತಿಗೆ ಟೀಚರ್ ಎಷ್ಟು ಅಂತ ನೋಡಿ, ಹೈಸ್ಕೂಲಾದ್ರೆ ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಟೀಚರ್ ಇದಾರಾ ಅಂತ ನೋಡಿ.

## ಸ್ವಲ್ಪ ಆಳಕ್ಕೆ ಇಳಿಯೋರಿಗೆ

ಒಟ್ಟು ರಿಸಲ್ಟ್ ಕಡಿಮೆ ಇರೋ ಶಾಲೆನೇ ನಿಜವಾಗ್ಲೂ ಚೆನ್ನಾಗಿ ಕಲಿಸ್ತಿರಬಹುದು ಅಂತೀರಲ್ಲ, ಅದು ಹೇಗೆ ಸಾಧ್ಯ?

ಲೆಕ್ಕ ಹಾಕಿ ನೋಡಿ, ಇದೂ ನಾನು ಮಾಡಿಟ್ಟ ಉದಾಹರಣೆ. ಎರಡು ಹೈಸ್ಕೂಲು, ಎರಡರಲ್ಲೂ ನೂರು ಮಕ್ಕಳು.

ಮೊದಲನೇ ಶಾಲೇಲಿ 80 ಮಕ್ಕಳ ಮನೇಲಿ ಓದಿದೋರು ಇದಾರೆ, ಅವರಲ್ಲಿ 72 ಪಾಸ್, ಅಂದ್ರೆ ಶೇ. 90. ಉಳಿದ 20 ಮಕ್ಕಳು ಮನೇಲಿ ಮೊದಲ ಸಲ ಹೈಸ್ಕೂಲು ಕಂಡೋರು, 10 ಪಾಸ್, ಶೇ. 50. ಒಟ್ಟು 82.

ಎರಡನೇ ಶಾಲೇಲಿ ಓದಿದೋರ ಮನೆಯ 20 ಮಕ್ಕಳು, 19 ಪಾಸ್, ಶೇ. 95. ಮೊದಲ ತಲೆಮಾರಿನ 80 ಮಕ್ಕಳು, 48 ಪಾಸ್, ಶೇ. 60. ಒಟ್ಟು 67.

ಪಟ್ಟಿಯಲ್ಲಿ ಮೊದಲನೇದು 15 ಪಾಯಿಂಟ್ ಮೇಲೆ. ಆದ್ರೆ ನಿಮ್ಮ ಮಗು ಯಾವ ಗುಂಪಿನದೇ ಆಗಿರಲಿ, ಪಾಸಾಗೋ ಪ್ರಮಾಣ ಎರಡನೇ ಶಾಲೇಲೇ ಹೆಚ್ಚು. ಮೋಸ ಏನೂ ಇಲ್ಲ, ಎರಡು ಶಾಲೇಲಿ ಆ ಎರಡು ಗುಂಪಿನ ಮಕ್ಕಳ ಪಾಲು ಬೇರೆ ಬೇರೆ ಇರೋದ್ರಿಂದ ಹೀಗಾಗುತ್ತೆ. ಶಾಲೆಗಳ ರ್‍ಯಾಂಕ್ ಪಟ್ಟಿ ಕಂಡಾಗೆಲ್ಲ ಈ ಲೆಕ್ಕ ನೆನಪಿಸ್ಕೊಳ್ಳಿ. ಶಾಲೆಯ ಕೆಲಸ ಅಳೀಬೇಕಂದ್ರೆ ಮಗು ಬಂದಾಗ ಎಲ್ಲಿತ್ತು, ಹೋಗುವಾಗ ಎಲ್ಲಿದೆ ಅನ್ನೋ ಎರಡೂ ತುದಿ ಬೇಕು. 8ನೇ ಕ್ಲಾಸಿಗೆ ಸೇರಿದಾಗ ಮಗುವಿಗೆ ಏನೇನು ಬರುತ್ತೆ ಅಂತ ನೋಡೋಕೆ ಮಾಡೋ ಪರೀಕ್ಷೆಯ ಅಂಕಗಳು ಶಾಲೇಲೇ ಇರ್ತವೆ, ಅವನ್ನ 10ರ ಅಂಕಗಳ ಪಕ್ಕ ಇಟ್ಟು ನೋಡೋ ಮೇಷ್ಟ್ರುಗಳಿದಾರೆ. ಅದನ್ನ ತಾಲೂಕು ಮಟ್ಟದಲ್ಲಿ ಮಾಡಿದ್ರೆ ಎಷ್ಟೋ ಶಾಲೆಗಳಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲುತ್ತೆ.

ಅಸರ್ ಒಂದು ಹೇಳುತ್ತೆ, ಸರ್ಕಾರದ ಸಮೀಕ್ಷೆ ಇನ್ನೊಂದು ಹೇಳುತ್ತೆ, ಯಾವುದನ್ನ ನಂಬೋದು?

ಎರಡೂ ಬೇರೆ ಪ್ರಶ್ನೆಗೆ ಉತ್ತರ ಹೇಳ್ತವೆ. ಅಸರ್ ಅನ್ನ 2005ರಿಂದ ಪ್ರಥಮ್ ಸಂಸ್ಥೆ ನಡೆಸ್ತಿದೆ, ಹಳ್ಳಿಗಳಲ್ಲಿ ಮಾತ್ರ, ಮನೆಮನೆಗೆ ಹೋಗಿ. ಮಗು ಮುಂದೆ ಒಂದು ಹಾಳೆ ಇಡ್ತಾರೆ: ಅಕ್ಷರ, ಪದ, 1ನೇ ಕ್ಲಾಸ್ ಮಟ್ಟದ ನಾಲ್ಕು ಸಾಲು, 2ನೇ ಕ್ಲಾಸ್ ಮಟ್ಟದ ಒಂದು ಕಥೆ. ಯಾವುದರವರೆಗೆ ಓದುತ್ತೋ ಅದು ಆ ಮಗುವಿನ ಮಟ್ಟ. ಶಾಲೆಗೆ ಹೋಗದ ಮಗೂನೂ, ಅವತ್ತು ಶಾಲೆಗೆ ಚಕ್ಕರ್ ಹಾಕಿದ ಮಗೂನೂ ಇದರಲ್ಲಿ ಸಿಗುತ್ತೆ. ಸರ್ಕಾರದ ಸಮೀಕ್ಷೆ ಶಾಲೆಯೊಳಗೆ ಅವತ್ತು ಹಾಜರಿದ್ದ ಮಕ್ಕಳಿಗೆ ಪ್ರಶ್ನೆಪತ್ರಿಕೆ ಕೊಟ್ಟು ಮಾಡೋದು. ಇಂಥವು ಎರಡು: ನ್ಯಾಸ್ (ರಾಷ್ಟ್ರೀಯ ಸಾಧನಾ ಸಮೀಕ್ಷೆ) 2021ರ ನವೆಂಬರ್‌ನಲ್ಲಿ 3, 5, 8, 10ನೇ ತರಗತಿಗೆ ನಡೀತು, ಪರಖ್ 2024ರ ಡಿಸೆಂಬರ್ 4ರಂದು 3, 6, 9ಕ್ಕೆ. ತರಗತಿಗಳೇ ಬೇರೆ ಆದ್ಮೇಲೆ ಇವೆರಡರ ನಡುವೆ ಏರಿತು ಇಳೀತು ಅನ್ನೋದು 3ನೇ ಕ್ಲಾಸ್ ಬಿಟ್ಟು ಉಳಿದದ್ದಕ್ಕೆ ಅರ್ಥ ಇಲ್ಲ. ಮತ್ತೆ ಇವೆಲ್ಲ ಸ್ಯಾಂಪಲ್ ಸಮೀಕ್ಷೆಗಳು, ಜಿಲ್ಲೆ ಬಗ್ಗೆ ಹೇಳ್ತವೆ, ನಿಮ್ಮ ಶಾಲೆ ಬಗ್ಗೆ ಏನೂ ಹೇಳಲ್ಲ.

ಪಿಜಿಐಯಲ್ಲಿ ನಮ್ಮ ರಾಜ್ಯದ ಗ್ರೇಡ್ ಬಂದಿದೆ, ಅದರಿಂದ ಶಾಲೆ ಆರಿಸಬಹುದಾ?

ಇಲ್ಲ. ಅದು ಇಡೀ ರಾಜ್ಯದ ಶಾಲಾ ಶಿಕ್ಷಣಕ್ಕೆ ಕೇಂದ್ರ ಕೊಡೋ 1000 ಅಂಕದ ಸೂಚ್ಯಂಕ, ಕಲಿಕೆ ಜತೆ ಸೌಲಭ್ಯ, ಆಡಳಿತ, ಪೋರ್ಟಲ್‌ಗೆ ಡೇಟಾ ತುಂಬೋದು ಎಲ್ಲ ಸೇರಿರುತ್ತೆ. ಅಧಿಕಾರಿಗಳ ಕೆಲಸಕ್ಕೆ ಉಪಯೋಗ, ಪೋಷಕರಿಗೆ ಅಷ್ಟಿಲ್ಲ.

ನಮ್ಮ ತಾಲೂಕಿನ ಶಾಲೆಗಳನ್ನ ನಾನೇ ನ್ಯಾಯವಾಗಿ ಹೋಲಿಸ್ಬೇಕು, ಎಲ್ಲಿಂದ ಶುರು ಮಾಡ್ಲಿ?

ಇಡೀ ತಾಲೂಕು ಬೇಡ. ನಿಮ್ಮ ಶಾಲೆಯಂಥದ್ದೇ ಐದಾರು ಶಾಲೆ ಹುಡುಕಿ: ಮೇಲೆ ಹೇಳಿದ ಶಾಲಾ ಗುಂಪುಗಳಲ್ಲಿ ಅದೇ ಗುಂಪು, ಅದೇ ಮಾಧ್ಯಮ, ಮಕ್ಕಳ ಸಂಖ್ಯೆ ಹತ್ತಿರ ಹತ್ತಿರ, ಎಸ್‌ಸಿ ಎಸ್‌ಟಿ ಅಲ್ಪಸಂಖ್ಯಾತ ಮಕ್ಕಳ ಪಾಲು ಹತ್ತಿರ, ಪೇಟೆಯಿಂದ ದೂರನೂ ಹೆಚ್ಚುಕಮ್ಮಿ ಅಷ್ಟೇ. ಮಾಧ್ಯಮ ಯಾಕಂದ್ರೆ ಉರ್ದು ಮಾಧ್ಯಮದ, ಬೆಳಗಾವಿ ಕಡೆ ಮರಾಠಿ ಮಾಧ್ಯಮದ ಮಗೂಗೆ ಕನ್ನಡ ಮನೆಭಾಷೆ ಅಲ್ಲ, ಪ್ರಥಮ ಭಾಷೆ ಪತ್ರಿಕೆನೂ ಬೇರೆ. ಇವೆಲ್ಲ ಯುಡೈಸ್‌ನಿಂದಲೇ ಬಹುಪಾಲು ಸಿಗುತ್ತೆ. ಆಮೇಲೆ ಆ ಶಾಲೆಗಳ ಮೂರು ವರ್ಷದ ರಿಸಲ್ಟು, ವಿಷಯವಾರು, ಮತ್ತೆ 8ರಲ್ಲಿ ಇದ್ದೋರೆಷ್ಟು 10ರಲ್ಲಿ ಬರೆದೋರೆಷ್ಟು ಅನ್ನೋದನ್ನ ಬಿಇಒ ಆಫೀಸಲ್ಲಿ ಕೇಳಿ. ಕೊಡದಿದ್ರೆ ಆರ್‌ಟಿಐ ಹಾಕಿ, ಹತ್ತು ರೂಪಾಯಿ ಶುಲ್ಕ, ಕರ್ನಾಟಕದ ನಿಯಮದಲ್ಲಿ ಒಂದು ಅರ್ಜೀಲಿ ಒಂದೇ ವಿಷಯ, 150 ಪದದೊಳಗೆ. ಮಕ್ಕಳ ಹೆಸರು ಕೇಳ್ಬೇಡಿ, ಸಂಖ್ಯೆ ಸಾಕು.

ಟೇಬಲ್ ರೆಡಿ ಆದ್ಮೇಲೆ ಒಂದೇ ಥರದ ಶಾಲೆಗಳಲ್ಲಿ ಒಂದು ಎದ್ದು ಕಾಣುತ್ತೆ, ಬಹಳ ಸಲ ಗಣಿತದಲ್ಲಿ. ಅಲ್ಲಿಗೆ ಒಂದು ದಿನ ಹೋಗಿ. ಸಂಜೆ ಕ್ಲಾಸ್ ನಡೆಸ್ತಾರಾ, ಹುದ್ದೆ ಖಾಲಿ ಇಲ್ವಾ, ಒಬ್ಬರೇ ಮೇಷ್ಟ್ರು ಹತ್ತು ವರ್ಷದಿಂದ ಅಲ್ಲೇ ಇದಾರಾ, ಕೇಳಿ ತಿಳ್ಕೊಳ್ಳಿ. ಹೋಲಿಕೆಯಿಂದ ನಿಜವಾಗಿ ಉಪಯೋಗ ಆಗೋದು ಇಲ್ಲೇ.

ಇಷ್ಟೆಲ್ಲ ಅಂಕಿ ಹೊರಗೆ ಹಾಕಿದ್ರೆ ‘ಮಕ್ಕಳು ಕಡಿಮೆ, ರಿಸಲ್ಟ್ ಕಡಿಮೆ’ ಅಂತ ಶಾಲೆ ಮುಚ್ಚೋಕೆ, ವಿಲೀನ ಮಾಡೋಕೆ ನೆಪ ಆಗಲ್ವಾ?

ಆಗಬಹುದು, ಈ ಭಯ ಸುಳ್ಳಲ್ಲ. ಆದ್ರೆ ಅಂಕಿ ಇಲಾಖೆ ಹತ್ರ ಹೇಗೂ ಇದೆ, ಇಲ್ಲದಿರೋದು ನಿಮ್ಮ ಹತ್ರ. ವಿಲೀನದ ಮಾತು ಬಂದಾಗ ‘ಮಕ್ಕಳು 14’ ಅನ್ನೋ ಒಂದೇ ಸಾಲಿಗೆ ಎದುರಾಗಿ ಎಸ್‌ಡಿಎಂಸಿ ಹತ್ರ ಬೇರೆ ಸಾಲುಗಳಿರಬೇಕು: ಊರಿನ 16 ಮಕ್ಕಳಲ್ಲಿ 14 ಇಲ್ಲೇ ಇದಾರೆ, ಪಕ್ಕದ ಶಾಲೆಗೆ ಹೋಗೋಕೆ ಹೆದ್ದಾರಿ ದಾಟ್ಬೇಕು, ಎರಡು ವರ್ಷದಿಂದ ಒಂದು ಹುದ್ದೆ ಖಾಲಿ ಇದ್ರೂ 5ನೇ ಕ್ಲಾಸಿನ ಎಲ್ಲಾ ಮಕ್ಕಳೂ ಓದ್ತಾರೆ ಬರೀತಾರೆ. ‘ಸಮುದಾಯದತ್ತ ಶಾಲೆ’ ದಿನ ಮಕ್ಕಳ ಉತ್ತರ ಪತ್ರಿಕೆಗಳನ್ನ ಪೋಷಕರಿಗೆ ತೋರಿಸ್ತಾರಲ್ಲ, ಆವತ್ತೇ ಈ ಲೆಕ್ಕಗಳನ್ನೂ ಒಂದು ಹಾಳೇಲಿ ಬರೆದು ಎಸ್‌ಡಿಎಂಸಿ ನಡಾವಳಿ ಪುಸ್ತಕಕ್ಕೆ ಸೇರಿಸಿ, ಅಧ್ಯಕ್ಷರ ಸಹಿ ಹಾಕಿಸಿ, ಒಂದು ಪ್ರತಿ ಬಿಇಒ ಆಫೀಸಿಗೆ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ.